ಹೆತ್ತೊಡಲಿಗೆ ಮರಳಿ ಬಲ

ಹೆರಿಗೆಯೆಂದರೆ ಹೆಣ್ಣಿಗೆ ಮರುಹುಟ್ಟು ಎಂಬ ಮಾತು ಕನ್ನಡ ನಾಡಿನ ಮನೆಮನೆಗಳಲ್ಲಿ ಬಳಕೆಯಲ್ಲಿದೆ. ಆ ಮಾತಿನಲ್ಲಿ ಭಯವೂ ಉಂಟು, ಗೌರವವೂ ಉಂಟು. ಶರಾವತಿ ಕಡಲು ಸೇರುವ ಹೊನ್ನಾವರದಲ್ಲಿ, ಅಘನಾಶಿನಿಯ ದಡದ ಕುಮಟೆಯಲ್ಲಿ, ಅವೆರಡರ ತೆಂಕಣಕ್ಕಿರುವ ಭಟ್ಕಳದಲ್ಲಿ ಬಾಣಂತನವು ಇಂದಿಗೂ ಅನೇಕ ಮನೆಗಳಲ್ಲಿ ಒಂದು ವ್ರತದಂತೆ ನಡೆಯುತ್ತದೆ. ಬಚ್ಚಲ ಹಂಡೆಗೆ ಬೆಳಗಿನಿಂದಲೇ ಉರಿ ಹಾಕುತ್ತಾರೆ. ತವರಿನ ಹಿರಿಯ ಹೆಂಗಸರು ಮಗಳ ಮೈಗೆ ಎಣ್ಣೆ ತಿಕ್ಕಿ, ಬಿಸಿನೀರು ಹೊಯ್ದು, ಬೆಚ್ಚನೆಯ ಕೋಣೆಯಲ್ಲಿ ಮಲಗಿಸುತ್ತಾರೆ. ಲೇಹ್ಯವೇನು, ಗಂಜಿಯೇನು, ಸಾಂಬ್ರಾಣಿ ಹೊಗೆಯೇನು! ಕೂಸಿನ ತೂಕ, ಕೂಸಿನ ನಿದ್ದೆ, ತಾಯಿಯ ಎದೆಹಾಲು ಎಲ್ಲವನ್ನೂ ಬಂದವರೆಲ್ಲ ವಿಚಾರಿಸುತ್ತಾರೆ. ಆದರೆ ಕೆಮ್ಮಿದಾಗ, ಸೀನಿದಾಗ, ಮಗುವನ್ನು ಎತ್ತಿಕೊಂಡಾಗ ಮೂತ್ರ ಸೋರುತ್ತದೆಯೇ ಎಂದು ಆ ತಾಯಿಯನ್ನು ಕೇಳುವವರು ವಿರಳ.

ಕೇಳುವವರಿಲ್ಲದುದರಿಂದ ಹೇಳುವವರೂ ಇಲ್ಲ. ಆದರೆ ಬಾಧೆ ಇಲ್ಲವೆಂದಲ್ಲ. ಹಲವು ದೇಶಗಳಲ್ಲಿ ನಡೆದ ಅಧ್ಯಯನಗಳನ್ನು ಒಟ್ಟುಗೂಡಿಸಿ ನೋಡಿದ ತಜ್ಞರು, ಹೆರಿಗೆಯಾದ ಮೊದಲ ಮೂರು ತಿಂಗಳಲ್ಲಿ ಸುಮಾರು ಮೂವರು ತಾಯಂದಿರಲ್ಲಿ ಒಬ್ಬರಿಗೆ ಈ ತೊಂದರೆ ಇರುತ್ತದೆಂದು ಲೆಕ್ಕ ಹಾಕಿದ್ದಾರೆ. ಕೆಲವರಿಗೆ ತಾನಾಗಿಯೇ ಕಡಮೆಯಾಗುತ್ತದೆ. ಉಳಿದವರು, “ಹೆತ್ತ ಮೇಲೆ ಇದೆಲ್ಲ ಇದ್ದದ್ದೇ” ಎಂಬ ಹಿರಿಯರ ಸಮಾಧಾನವನ್ನೇ ನಂಬಿ ವರುಷಗಟ್ಟಲೆ ಸಹಿಸುತ್ತಾರೆ. ಅಂಥವಳು ಮದುವೆಮನೆಗೆ ಹೋಗುವ ಮುನ್ನ ಬಚ್ಚಲೆಲ್ಲಿದೆಯೆಂದು ಯೋಚಿಸುತ್ತಾಳೆ. ಕುಮಟೆಯಿಂದ ಭಟ್ಕಳಕ್ಕೆ ಬಸ್ಸಿನಲ್ಲಿ ಹೊರಡುವ ದಿನ ಬೆಳಗಿನಿಂದಲೇ ನೀರು ಕುಡಿಯುವುದನ್ನು ಬಿಡುತ್ತಾಳೆ. ರಾತ್ರಿಯೆಲ್ಲ ಕುಳಿತು ಯಕ್ಷಗಾನ ನೋಡುವ ಸುಖವನ್ನು ತ್ಯಜಿಸುತ್ತಾಳೆ. ದೇವರ ಕೋಣೆಗೆ ಕಾಲಿಡಲು ಒಬ್ಬಳು ಅಳುಕಿದರೆ, ನಮಾಜಿಗೆ ನಿಂತಾಗ ಶುದ್ಧಿ ಕೆಟ್ಟಿತೇನೋ ಎಂದು ಇನ್ನೊಬ್ಬಳು ಮತ್ತೆ ಮತ್ತೆ ಕೈಕಾಲು ತೊಳೆಯುತ್ತಾಳೆ. ಮತ ಬೇರೆ, ಮನೆಮಾತು ಬೇರೆ, ಸಂಕೋಚ ಒಂದೇ.

ಈ ಬಾಧೆಗೆ ಮದ್ದುಂಟು. ಬಹುಮಟ್ಟಿಗೆ ಅದು ಗುಳಿಗೆಯಲ್ಲ, ಕತ್ತಿಯೂ ಅಲ್ಲ, ಕ್ರಮವರಿತ ಅಂಗಸಾಧನೆ. ಅದನ್ನು ಕಲಿಸುವ ವಿದ್ಯೆಗೆ ಫಿಸಿಯೋಥೆರಪಿ ಎಂದು ಹೆಸರು. ಮುರಿದ ಕಾಲಿಗೆ, ಸೊಟ್ಟಗಾದ ಭುಜಕ್ಕೆ ಫಿಸಿಯೋಥೆರಪಿ ಉಂಟೆಂಬುದನ್ನು ಪಟ್ಟಣದ ಜನ ಬಲ್ಲರು. ಹೆತ್ತೊಡಲಿಗೂ ಅದು ಉಂಟೆಂಬುದನ್ನು ಬಲ್ಲವರು ಕಡಮೆ.

ಒಡಲ ತಳದ ಜೋಲಿ

ಕರಾವಳಿಯ ಮನೆಗಳಲ್ಲಿ ಮಗುವನ್ನು ಮಲಗಿಸಲು ಸೀರೆಯ ಜೋಲಿ ಕಟ್ಟುವುದುಂಟು. ಬಟ್ಟೆಯ ಎರಡು ತುದಿಗಳು ಮೇಲೆ ಭದ್ರವಾಗಿ ನಿಂತರೆ ನಡುವಿನ ಜೋಲಿ ಕೂಸಿನ ಭಾರವನ್ನು ಸುಖವಾಗಿ ಹೊರುತ್ತದೆ. ಹೆಣ್ಣಿನ ಕಿಬ್ಬೊಟ್ಟೆಯ ತಳದಲ್ಲಿ ಪ್ರಕೃತಿಯೇ ಕಟ್ಟಿರುವ ಇಂಥದೊಂದು ಜೋಲಿಯಿದೆ. ಮುಂದುಗಡೆ ಗುಹ್ಯಭಾಗದ ಮೇಲಿನ ಎಲುಬಿನಿಂದ ಹಿಂದುಗಡೆ ಬೆನ್ನುಹುರಿಯ ತುದಿಮೂಳೆಯವರೆಗೆ ಹರಡಿರುವ ಈ ಸ್ನಾಯುಗಳ ಹಾಸಿಗೆಗೆ ವೈದ್ಯರು ಶ್ರೋಣಿತಳವೆಂದು ಕರೆಯುತ್ತಾರೆ; ಸರಳವಾಗಿ ತಳಸ್ನಾಯು ಎನ್ನಬಹುದು.

ಮೂತ್ರಕೋಶ, ಗರ್ಭಕೋಶ, ಮಲಾಶಯ ಈ ಮೂರೂ ಅದರ ಮೇಲೆ ಕುಳಿತಿವೆ. ಮೂತ್ರದ್ವಾರ, ಯೋನಿ, ಗುದದ್ವಾರ ಈ ಮೂರು ದಾರಿಗಳೂ ಅದನ್ನು ಹಾಯ್ದು ಹೊರಬರುತ್ತವೆ. ಆದುದರಿಂದ ಇದರ ಕೆಲಸ ಎರಡು ಬಗೆಯದು: ಮೇಲಿನ ಅಂಗಗಳನ್ನು ಹೊರುವುದು, ಕೆಳಗಿನ ಬಾಗಿಲುಗಳನ್ನು ಬೇಕಾದಾಗ ಮುಚ್ಚಿ ಬೇಕಾದಾಗ ತೆರೆಯುವುದು. ಕೆಮ್ಮಿದಾಗ ಹೊಟ್ಟೆಯ ಒತ್ತಡ ಒಮ್ಮೆಲೇ ಕೆಳಕ್ಕೆ ನುಗ್ಗುತ್ತದೆ. ಆರೋಗ್ಯವಂತ ದೇಹದಲ್ಲಿ ತಳಸ್ನಾಯು ಅದೇ ಗಳಿಗೆಯಲ್ಲಿ ಬಿಗಿದು ಮೂತ್ರದ್ವಾರವನ್ನು ಅದುಮಿ ಹಿಡಿಯುತ್ತದೆ. ಸ್ನಾಯು ಸಡಿಲವಾಗಿದ್ದರೆ, ಇಲ್ಲವೇ ತಡವಾಗಿ ಬಿಗಿದರೆ, ಹನಿ ಜಾರುತ್ತದೆ. ಉಸಿರಾಟದೊಡನೆಯೂ ಇದಕ್ಕೆ ನಂಟುಂಟು. ಉಸಿರು ಒಳಕ್ಕೆಳೆದಾಗ ತಳ ತುಸು ಇಳಿಯುತ್ತದೆ, ಬಿಟ್ಟಾಗ ಮೇಲೇರುತ್ತದೆ.

ಹೆರಿಗೆಯ ಗಾಯಗಳು

ಮಗುವಿನ ತಲೆ ಹೊರಬರುವ ಹೊತ್ತಿನಲ್ಲಿ ಈ ಸ್ನಾಯುಗಳ ಒಳಭಾಗವು ತನ್ನ ಸಹಜ ಉದ್ದದ ಮೂರು ಪಟ್ಟಿಗೂ ಮಿಗಿಲಾಗಿ ಹಿಗ್ಗಬೇಕಾಗುತ್ತದೆಂದು 2004ರಲ್ಲಿ ಅಮೆರಿಕದ ಸಂಶೋಧಕರು ಗಣಕಯಂತ್ರದ ಮಾದರಿಯಿಂದ ತೋರಿಸಿಕೊಟ್ಟರು. ದೇಹದ ಬೇರಾವ ಸ್ನಾಯುವಾದರೂ ಅಷ್ಟು ಹಿಗ್ಗಿದರೆ ಹರಿದು ಹೋದೀತು. ಬಸುರಿನ ಕಾಲದ ರಸಗಳಿಂದ ಮೆತ್ತಗಾಗಿ ಹೆಚ್ಚಿನ ತಾಯಂದಿರಲ್ಲಿ ಅದು ಉಳಿದುಕೊಳ್ಳುವುದೇ ಸೃಷ್ಟಿಯ ಸೋಜಿಗ. ಆದರೆ ಎಲ್ಲರಲ್ಲಿಯೂ ಹಾಗಾಗುವುದಿಲ್ಲ. ಕೆಲವರಲ್ಲಿ ಸ್ನಾಯು ಎಲುಬಿನಿಂದಲೇ ಕಿತ್ತು ಬರುತ್ತದೆ. ಕೆಲವರಲ್ಲಿ ಅದಕ್ಕೆ ಆಜ್ಞೆ ತಲುಪಿಸುವ ನರ ಜಗ್ಗಿ ದುರ್ಬಲವಾಗುತ್ತದೆ. ಮೊದಲ ಹೆರಿಗೆ, ದೊಡ್ಡ ಮಗು, ಬಹಳ ಹೊತ್ತು ಮುಕ್ಕಬೇಕಾಗಿ ಬಂದ ಹೆರಿಗೆ, ಇಕ್ಕುಳ ಹಾಕಿ ಮಗುವನ್ನು ತೆಗೆದ ಹೆರಿಗೆ ಇವುಗಳಲ್ಲಿ ಅಪಾಯ ಹೆಚ್ಚು.

ಹೊರಗೆ ಕಾಣುವ ಹರಿತವನ್ನು ವೈದ್ಯರು ನಾಲ್ಕು ಮೆಟ್ಟಿಲುಗಳಾಗಿ ಎಣಿಸುತ್ತಾರೆ. ತೊಗಲು ಮಾತ್ರ ಹರಿದರೆ ಮೊದಲನೆಯದು. ಕೆಳಗಿನ ಸ್ನಾಯು ಹರಿದರೆ ಎರಡನೆಯದು. ಮಲವನ್ನು ತಡೆಯುವ ಗುದದ್ವಾರದ ಉಂಗುರಸ್ನಾಯುವಿಗೆ ಪೆಟ್ಟಾದರೆ ಮೂರನೆಯದು. ಅದನ್ನೂ ದಾಟಿ ಗುದದ ಒಳಪೊರೆಯೇ ಸೀಳಿದರೆ ನಾಲ್ಕನೆಯದು. ಕೊನೆಯ ಎರಡನ್ನು ಹೆರಿಗೆಯಾದ ಕೂಡಲೇ ಗುರುತಿಸಿ ನುರಿತ ಕೈ ಹೊಲಿಯಬೇಕು. ಸರಿಯಾಗಿ ಹೊಲಿದರೆ 100ರಲ್ಲಿ 60ರಿಂದ 80 ಮಂದಿ ಒಂದು ವರ್ಷದ ಹೊತ್ತಿಗೆ ಬಾಧೆಯಿಲ್ಲದವರಾಗುತ್ತಾರೆಂದು ಬ್ರಿಟನ್ನಿನ ಪ್ರಸೂತಿ ತಜ್ಞರ ರಾಯಲ್ ಕಾಲೇಜು ಹೇಳುತ್ತದೆ. ಗುರುತಿಸದೆ ಬಿಟ್ಟರೆ ಗಾಳಿಯೂ ಮಲವೂ ಅಂಕೆಯಿಲ್ಲದೆ ಹೋಗುವ ಗೋಳು ಕಾಯಂ ಆಗಬಹುದು.

ಗರ್ಭಕೋಶ ಕೆಳಕ್ಕೆ ಜಾರುವುದು ಇನ್ನೊಂದು ಬಗೆಯ ಪರಿಣಾಮ. ಸಂಜೆಯ ಹೊತ್ತಿಗೆ ಏನೋ ಭಾರ ಇಳಿದಂತೆ, ಕುಕ್ಕರುಗಾಲಿನಲ್ಲಿ ಕುಳಿತಾಗ ಗಡ್ಡೆಯೊಂದು ಕೈಗೆ ತಾಗಿದಂತೆ ಭಾಸವಾಗುತ್ತದೆ. ಮಲಗಿದರೆ ಒಳಸರಿಯುತ್ತದೆ, ಎದ್ದು ದುಡಿದರೆ ಮತ್ತೆ ಇಳಿಯುತ್ತದೆ. ಹೊಟ್ಟೆ ಕೊಯ್ದು ಮಗುವನ್ನು ತೆಗೆದರೆ ಇದಾವುದೂ ಬಾರದೆಂದು ಕೆಲವರು ಭಾವಿಸುತ್ತಾರೆ. ಅದು ಪೂರ್ತಿ ನಿಜವಲ್ಲ. ಸಿಸೇರಿಯನ್ನಿನಿಂದ ಅಪಾಯ ಕಡಮೆಯಾಗುತ್ತದೆ. ಆದರೆ ಒಂಬತ್ತು ತಿಂಗಳು ಭಾರ ಹೊತ್ತ ಜೋಲಿಗೆ ದಣಿವು ಇದ್ದೇ ಇರುತ್ತದೆ.

ಕಡಲ ತೀರದ ದುಡಿಮೆ

ಈ ಗಾಯ ಮಾಯಲು ಕಾಲ ಬೇಕು, ವಿಶ್ರಾಂತಿ ಬೇಕು. ಸಂಬಳದ ಕೆಲಸದಲ್ಲಿರುವ ಹೆಣ್ಣಿಗೆ 2017ರ ತಿದ್ದುಪಡಿಯ ಕಾನೂನು 26 ವಾರಗಳ ಹೆರಿಗೆ ರಜೆಯನ್ನು ಕೊಟ್ಟಿತು. ಆದರೆ ಬಂಗಡೆ ಮೀನಿನ ಬುಟ್ಟಿಯನ್ನು ತಲೆಯ ಮೇಲಿಟ್ಟು ಮನೆಮನೆ ತಿರುಗುವ ಹೆಂಗಸಿಗೆ ರಜೆ ಕೊಡುವವರಾರು? ಅಘನಾಶಿನಿಯ ಅಳಿವೆಯಲ್ಲಿ ನೀರಿಗಿಳಿದು ಬಳಚು ಹೆಕ್ಕುವವರು, ಸಾಣಿಕಟ್ಟೆಯ ಉಪ್ಪಿನ ಆಗರದಲ್ಲಿ ಉಪ್ಪು ಹೊರುವವರು, ಮಳೆಗಾಲದಲ್ಲಿ ಸೊಂಟ ಬಗ್ಗಿಸಿ ನಾಟಿ ಮಾಡುವವರು, ತೋಟದಿಂದ ಅಡಿಕೆಯ ಹೊರೆ ತರುವವರು ಇವರೆಲ್ಲರ ಮೈಭಾರ ಇಳಿಯುವುದು ಒಡಲ ತಳದ ಅದೇ ಜೋಲಿಯ ಮೇಲೆ. ಪೇಟೆಯ ಗೃಹಿಣಿಯೂ ಇದರಿಂದ ಹೊರತಲ್ಲ. ಬಾವಿಯಿಂದ ಕೊಡ ಸೇದುವುದು, ಗ್ಯಾಸಿನ ಸಿಲಿಂಡರನ್ನು ಸರಿಸುವುದು, ಹಿರಿಯ ಮಗುವನ್ನು ಸೊಂಟದಲ್ಲಿಟ್ಟುಕೊಂಡೇ ಕಿರಿಯದನ್ನು ಎತ್ತುವುದು ಅವಳ ದಿನಚರಿ.

ಬಾಣಂತನದ ಪದ್ಧತಿಗಳಲ್ಲಿ ಉಳಿಸಿಕೊಳ್ಳಬೇಕಾದವೂ ಉಂಟು, ಬಿಡಬೇಕಾದವೂ ಉಂಟು. ನಲವತ್ತು ದಿನ ಭಾರದ ಕೆಲಸಕ್ಕೆ ಹಚ್ಚದಿರುವುದು ನಿಜವಾಗಿ ವಿವೇಕದ ಮಾತು. ಒಡಲ ತಳಕ್ಕೆ ಅದರಷ್ಟು ಉಪಕಾರ ಬೇರಿಲ್ಲ. ಆದರೆ ಹೊಟ್ಟೆ ಇಳಿಯಲೆಂದು ಸೀರೆಯಿಂದ ಬಿಗಿಯಾಗಿ ಸುತ್ತಿ ಕಟ್ಟಿದರೆ ಒತ್ತಡವೆಲ್ಲ ಕೆಳಕ್ಕೇ ಇಳಿಯುತ್ತದೆ. ಬೆನ್ನಿಗೆ ಆಧಾರವಾಗುವಷ್ಟು ಹಗುರವಾಗಿ ಕಟ್ಟಿದರೆ ಸಾಕು. ನೀರು ಕುಡಿದರೆ ಹೊಟ್ಟೆ ದಪ್ಪವಾಗುತ್ತದೆಂದು ಬಾಣಂತಿಗೆ ಗುಟುಕು ಲೆಕ್ಕದಲ್ಲಿ ನೀರು ಕೊಡುವ ರೂಢಿ ಇನ್ನೂ ಅಲ್ಲಲ್ಲಿ ಇದೆ. ಅದರಿಂದ ಮಲ ಗಟ್ಟಿಯಾಗುತ್ತದೆ. ಗಟ್ಟಿಯಾದ ಮಲಕ್ಕಾಗಿ ಮುಕ್ಕಿದಷ್ಟೂ ಹೊಲಿಗೆಗೂ ಸ್ನಾಯುವಿಗೂ ಘಾಸಿ. ಎದೆಹಾಲೂಡುವ ತಾಯಿ ಬಾಯಾರಿದಷ್ಟು ನೀರು ಕುಡಿಯಬೇಕು. ಸೊಪ್ಪು, ಹಣ್ಣು, ತರಕಾರಿ ತಿನ್ನಬೇಕು. ಕೋಣೆ ತುಂಬ ಹೊಗೆ ಹಾಕಿ ಅವಳನ್ನು ಕೆಮ್ಮಿಸುವುದೂ ತರವಲ್ಲ.

ಅಂಗಸಾಧನೆಯ ಕಥೆ

ತಳಸ್ನಾಯುವನ್ನು ಇಚ್ಛಾಪೂರ್ವಕವಾಗಿ ಬಿಗಿಯುವ ವಿದ್ಯೆ ಭಾರತಕ್ಕೆ ಹೊಸತಲ್ಲ. ಹಠಯೋಗಪ್ರದೀಪಿಕೆಯಲ್ಲಿ ಬರುವ ಮೂಲಬಂಧವೂ ಘೇರಂಡ ಸಂಹಿತೆಯ ಅಶ್ವಿನಿ ಮುದ್ರೆಯೂ ಇದೇ ಸ್ನಾಯುಗಳ ಸಂಕೋಚವನ್ನು ವರ್ಣಿಸುತ್ತವೆ. ಆದರೆ ಅವುಗಳ ಗುರಿ ಯೋಗಸಿದ್ಧಿ. ಅವು ಬಾಣಂತಿಯ ಚಿಕಿತ್ಸೆಗೆಂದು ಹುಟ್ಟಿದವಲ್ಲ.

ಚಿಕಿತ್ಸೆಯ ದಾರಿ ತೆರೆದುದು ಇಪ್ಪತ್ತನೆಯ ಶತಮಾನದಲ್ಲಿ. ಬ್ರಿಟನ್ನಿನಲ್ಲಿ ನೃತ್ಯಕಲಾವಿದೆಯಾಗಿ ಬಳಿಕ ಅಂಗಚಿಕಿತ್ಸೆಯನ್ನೂ ಕಲಿತ ಮಾರ್ಗರೆಟ್ ಮೋರಿಸ್ 1936ರಲ್ಲಿ ಹೆರಿಗೆಯ ನಂತರದ ವ್ಯಾಯಾಮಗಳ ಬಗೆಗೆ ಪುಸ್ತಕ ಬರೆದಳು. 1948ರಲ್ಲಿ ಅಮೆರಿಕದ ಲಾಸ್ ಏಂಜಲೀಸಿನ ಸ್ತ್ರೀರೋಗ ತಜ್ಞ ಆರ್ನಲ್ಡ್ ಕೀಗಲ್ ತನ್ನ ಲೇಖನವನ್ನು ಪ್ರಕಟಿಸಿದನು. ಹೆರಿಗೆಯಿಂದ ಸಡಿಲವಾದ ಸ್ನಾಯು ಸತ್ತು ಹೋಗಿಲ್ಲ, ಬಳಕೆಯಿಲ್ಲದೆ ಸೊರಗಿದೆ. ಸಾಮು ಮಾಡಿದ ತೋಳಿನಂತೆ ಇದನ್ನೂ ಬಲಪಡಿಸಬಹುದು ಎಂಬುದು ಅವನ ವಾದ. ಸಂಕೋಚದ ಬಲವನ್ನು ಮುಳ್ಳಿನ ಮೇಲೆ ತೋರಿಸುವ ಒತ್ತಡಮಾಪಕವನ್ನೂ ಅವನು ರಚಿಸಿದನು. ತನ್ನ ಪ್ರಯತ್ನ ಸರಿಯಾಗಿದೆಯೇ ಎಂಬುದು ಹೆಣ್ಣಿಗೆ ಕಣ್ಣಾರೆ ಕಾಣುವಂತಾಯಿತು. ಜಗತ್ತಿನ ಬಹುಭಾಗದಲ್ಲಿ ಈ ಸಾಧನೆಗೆ ಇಂದಿಗೂ ಕೀಗಲ್ ವ್ಯಾಯಾಮವೆಂದೇ ಹೆಸರು.

ಭಾರತದಲ್ಲಿ ಫಿಸಿಯೋಥೆರಪಿಯ ಶಾಲೆ ಮುಂಬಯಿಯ ಕೆ. ಇ. ಎಂ. ಆಸ್ಪತ್ರೆಯಲ್ಲಿ 1950ರ ದಶಕದ ಆರಂಭದಲ್ಲಿ ಹುಟ್ಟಿತು. ಪೋಲಿಯೋ ಹಾವಳಿಯಿಂದ ಕಾಲು ಕಳೆದುಕೊಂಡ ಮಕ್ಕಳನ್ನು ನಡೆಸುವುದು ಅಂದಿನ ತುರ್ತಾಗಿತ್ತು. ವೃತ್ತಿಯವರ ಸಂಘ 1955ರಲ್ಲಿ ಸ್ಥಾಪನೆಯಾಯಿತು. ಬಾಣಂತಿಯ ಒಡಲಿಗೆ ಈ ವಿದ್ಯೆಯ ಗಮನ ಹರಿದುದು ಬಹಳ ತಡವಾಗಿ.

ಫಲವೇನು ಎಂದು ಕೇಳುವವರಿಗೆ ಉತ್ತರ ಸಿದ್ಧವಾಗಿದೆ. ಜಗತ್ತಿನ ವೈದ್ಯಕೀಯ ಪ್ರಯೋಗಗಳನ್ನು ಒರೆಗೆ ಹಚ್ಚುವ ಕಾಕ್ರೇನ್ ಸಂಸ್ಥೆ 2018ರಲ್ಲಿ 14 ದೇಶಗಳ 31 ಪ್ರಯೋಗಗಳನ್ನೂ 1,817 ಮಹಿಳೆಯರನ್ನೂ ಒಳಗೊಂಡ ಸಮೀಕ್ಷೆಯನ್ನು ಹೊರತಂದಿತು. ಕೆಮ್ಮು ಸೀನುಗಳಿಂದ ಮೂತ್ರ ಸೋರುವವರ ಪೈಕಿ ಸಾಧನೆ ಮಾಡಿದ 100 ಮಂದಿಯಲ್ಲಿ 56 ಮಂದಿ ಗುಣವಾದೆವೆಂದರು. ಮಾಡದ 100 ಮಂದಿಯಲ್ಲಿ ಹಾಗೆಂದವರು ಕೇವಲ 6 ಮಂದಿ. ಗರ್ಭಕೋಶ ಜಾರಿದ 447 ಮಹಿಳೆಯರ ಮೇಲೆ ಬ್ರಿಟನ್, ನ್ಯೂಜಿಲೆಂಡ್ ಮತ್ತು ಆಸ್ಟ್ರೇಲಿಯಾಗಳಲ್ಲಿ ನಡೆದು 2014ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ, ಒಬ್ಬೊಬ್ಬರಿಗೂ ಪ್ರತ್ಯೇಕವಾಗಿ ಕಲಿಸಿದ ಸಾಧನೆಯಿಂದ ವರ್ಷದ ಕೊನೆಗೆ ಬಾಧೆ ಕಡಮೆಯಾಗಿತ್ತು.

ಕಲಿಯುವ ಬಗೆ

ಸಾಧನೆ ಸರಳವಾದರೂ ಕಲಿಕೆ ಅಷ್ಟು ಸರಳವಲ್ಲ. ಏಕೆಂದರೆ ಈ ಸ್ನಾಯು ಕಣ್ಣಿಗೆ ಕಾಣದು. 1991ರಲ್ಲಿ ಅಮೆರಿಕದಲ್ಲಿ 47 ಮಹಿಳೆಯರಿಗೆ ಬರಿಯ ಬಾಯಿಮಾತಿನಲ್ಲಿ ವಿವರಿಸಿ ನೋಡಿದಾಗ ಸರಿಯಾಗಿ ಬಿಗಿದವರು ಸುಮಾರು ಅರ್ಧದಷ್ಟು ಮಂದಿ ಮಾತ್ರ. ನಾಲ್ವರಲ್ಲಿ ಒಬ್ಬಳು ಮೇಲಕ್ಕೆಳೆಯುವ ಬದಲು ಕೆಳಕ್ಕೆ ಮುಕ್ಕುತ್ತಿದ್ದಳು. ಅಂದರೆ ಬಾಧೆಯನ್ನು ಹೆಚ್ಚಿಸುವ ಕೆಲಸವನ್ನೇ ಮದ್ದೆಂದು ಮಾಡುತ್ತಿದ್ದಳು! ಆದುದರಿಂದಲೇ ಮೊದಲ ಪಾಠವನ್ನು ಬಲ್ಲವರಿಂದ ಪಡೆಯಬೇಕು. ತರಬೇತಾದ ಫಿಸಿಯೋಥೆರಪಿಸ್ಟ್ ಮೊದಲು ಹೆರಿಗೆಯ ವಿವರ ಕೇಳುತ್ತಾಳೆ. ಬಳಿಕ ಒಪ್ಪಿಗೆ ಪಡೆದು ಸ್ನಾಯುವಿನ ಬಲವನ್ನೂ ಹೊಲಿಗೆಯ ಗಾಯವನ್ನೂ ಪರೀಕ್ಷಿಸುತ್ತಾಳೆ. ಒಪ್ಪಿಗೆಯಿಲ್ಲದೆ ಯಾವ ಪರೀಕ್ಷೆಯೂ ಸಲ್ಲದು. ಬೇಡವೆಂದರೆ ಹೊರಗಿನಿಂದಲೇ ಕಲಿಸುವ ಉಪಾಯಗಳೂ ಉಂಟು.

ಗಾಳಿ ಹೋಗುವುದನ್ನು ತಡೆಯುವಾಗ ಹೇಗೋ ಹಾಗೆ ಹಿಂಬಾಗಿಲನ್ನು ಬಿಗಿದು, ಅದೇ ಬಿಗಿತವನ್ನು ಮುಂದಕ್ಕೂ ಮೇಲಕ್ಕೂ ಎಳೆದುಕೊಳ್ಳುವುದು ಸಾಧನೆಯ ತಿರುಳು. ಆಗ ತೊಡೆ, ಪಿರ್ರೆ, ಹೊಟ್ಟೆ ಸಡಿಲವಾಗಿರಬೇಕು; ಉಸಿರು ಕಟ್ಟಬಾರದು. ಆರಂಭದಲ್ಲಿ ಮಲಗಿ, ಕೆಲ ದಿನಗಳ ಮೇಲೆ ಕುಳಿತು, ಆಮೇಲೆ ನಿಂತು ಮಾಡಬೇಕು. ಮೊದಲು ಎರಡು ಮೂರು ಸೆಕೆಂಡು ಹಿಡಿಯಲಾದರೂ ಸಾಕು. ಬರಬರುತ್ತ ಹತ್ತು ಸೆಕೆಂಡಿಗೆ ಏರಿಸಬಹುದು. ಹಿಡಿದಷ್ಟೇ ಹೊತ್ತು ಪೂರ್ತಿಯಾಗಿ ಬಿಡುವುದೂ ಸಾಧನೆಯ ಭಾಗವೇ. ಬ್ರಿಟನ್ನಿನ ಆರೋಗ್ಯ ಮಂಡಲಿಯ ಸೂಚನೆ ಹೀಗಿದೆ: ಒಂದು ಸಲಕ್ಕೆ ಕಡಮೆಯೆಂದರೆ 8 ಬಿಗಿತ, ದಿನಕ್ಕೆ 3 ಸಲ, ಕಡಮೆಯೆಂದರೆ 3 ತಿಂಗಳು. ಒಂದು ವಾರ ಮಾಡಿ ಫಲ ಕಾಣದೆ ಬಿಟ್ಟವರು ಬಿತ್ತಿದ ಮರುದಿನವೇ ಕೊಯ್ಲಿಗೆ ಹೋದವರಂತೆ.

ಇನ್ನೊಂದು ಉಪಾಯವನ್ನು ಪ್ರತಿ ತಾಯಿಯೂ ಕಲಿಯಬಹುದು. ಕೆಮ್ಮು ಬರುವ ಮುನ್ನ, ಮಗುವನ್ನು ಅಥವಾ ಕೊಡವನ್ನು ಎತ್ತುವ ಮುನ್ನ ತಳಸ್ನಾಯುವನ್ನು ಬಿಗಿದು, ಕೆಲಸ ಮುಗಿದ ಮೇಲೆ ಬಿಡುವುದು. ಭಾರವನ್ನು ಮೈಗೆ ಹತ್ತಿರವಿಟ್ಟು, ಮೊಣಕಾಲು ಮಡಿಸಿ, ಉಸಿರು ಬಿಡುತ್ತ ಎತ್ತಿದರೆ ಹೊಟ್ಟೆಯ ಒತ್ತಡ ತಗ್ಗುತ್ತದೆ. ಮಲವಿಸರ್ಜನೆಗೆ ಕಮೋಡಿನಲ್ಲಿ ಕುಳಿತುಕೊಳ್ಳುವವರು ಪಾದಗಳ ಕೆಳಗೆ ಚಿಕ್ಕ ಮಣೆಯಿಟ್ಟುಕೊಂಡರೆ ಮುಕ್ಕುವ ಅಗತ್ಯ ಕಡಮೆಯಾಗುತ್ತದೆ. ಮೂತ್ರ ಹೋಗುತ್ತಿರುವಾಗ ನಡುವೆ ತಡೆದು ಅಭ್ಯಾಸ ಮಾಡುವುದು ಮಾತ್ರ ಕೂಡದು. ಅದರಿಂದ ಮೂತ್ರಕೋಶ ಪೂರ್ತಿ ಖಾಲಿಯಾಗದೆ ಉಳಿಯಬಹುದು.

ಎಲ್ಲಕ್ಕೂ ಇದೇ ಮದ್ದಲ್ಲ

ಸಾಮಾನ್ಯ ಹೆರಿಗೆಯಾದವಳು ನೋವಿಲ್ಲದಿದ್ದರೆ ಕೆಲವೇ ದಿನಗಳಲ್ಲಿ ಮೆಲ್ಲನೆ ಆರಂಭಿಸಬಹುದು. ಆಳವಾದ ಹರಿತಕ್ಕೆ ಹೊಲಿಗೆ ಬಿದ್ದವಳು ವೈದ್ಯರನ್ನು ಕೇಳಿಯೇ ಆರಂಭಿಸಬೇಕು. ಎಲ್ಲ ಹೆಣ್ಣುಮಕ್ಕಳ ಸ್ನಾಯುವೂ ಸಡಿಲವಾಗಿರುವುದೂ ಇಲ್ಲ. ನೋವು, ಭಯ, ಒರಟಾಗಿ ಮಾಯ್ದ ಗಾಯಗಳಿಂದ ಸ್ನಾಯು ಸದಾ ಬಿಗಿದೇ ಇರುವವರು ಕೆಲವರುಂಟು. ದಾಂಪತ್ಯದ ಸಂಗವೂ ಅವರಿಗೆ ಹಿಂಸೆಯಾಗುತ್ತದೆ. ಅಂಥವರಿಗೆ ಬಿಗಿಯುವ ಪಾಠ ಕೆಡುಕು ಮಾಡೀತು; ಸಡಿಲಿಸುವ ಪಾಠ, ಉಸಿರಾಟದ ಕ್ರಮ, ಗಾಯದ ಮೇಲೆ ಹಗುರವಾದ ನೀವುವಿಕೆ ಅವರಿಗೆ ಬೇಕು.

ಹಗಲಿರುಳೂ ಎಡೆಬಿಡದೆ ಮೂತ್ರ ಹರಿಯುತ್ತಿದ್ದರೆ ಅದು ಸಡಿಲಿಕೆಯಲ್ಲ. ಮಗು ದಾರಿಯಲ್ಲಿ ಬಹಳ ಹೊತ್ತು ಸಿಕ್ಕಿಕೊಂಡಾಗ ಒತ್ತಡದಿಂದ ಮೂತ್ರಕೋಶಕ್ಕೂ ಯೋನಿಗೂ ನಡುವೆ ರಂಧ್ರ ಬೀಳುವುದುಂಟು. ವೈದ್ಯರು ಇದನ್ನು ಫಿಸ್ಟುಲಾ ಎನ್ನುತ್ತಾರೆ. ಇಂಥ ನತದೃಷ್ಟೆಯರಿಗಾಗಿ ರೆಜಿನಾಲ್ಡ್ ಮತ್ತು ಕ್ಯಾಥರೀನ್ ಹ್ಯಾಮ್ಲಿನ್ ದಂಪತಿಗಳು 1974ರಲ್ಲಿ ಇಥಿಯೋಪಿಯಾದ ಅಡಿಸ್ ಅಬಾಬಾದಲ್ಲಿ ಆಸ್ಪತ್ರೆಯನ್ನೇ ಕಟ್ಟಿದರು. ರಂಧ್ರವನ್ನು ಮುಚ್ಚಲು ಶಸ್ತ್ರಚಿಕಿತ್ಸೆ ಬೇಕು. ಅದರ ನಂತರ ಬಲ ಮರಳಿಸಲು ಅಂಗಸಾಧನೆ ನೆರವಾಗುತ್ತದೆ. ಕಾದ ಜ್ವರ, ದುರ್ವಾಸನೆಯ ಸ್ರಾವ, ನಿಲ್ಲದ ರಕ್ತ, ಅಂಕೆ ತಪ್ಪಿದ ಮಲ ಇವು ಕಂಡರೂ ಮೊದಲು ಹೋಗಬೇಕಾದುದು ಆಸ್ಪತ್ರೆಗೆ.

ವಿಶ್ವ ಆರೋಗ್ಯ ಸಂಸ್ಥೆ 2022ರಲ್ಲಿ ಹೊರಡಿಸಿದ ಬಾಣಂತಿ ಆರೈಕೆಯ ಸೂಚನೆಗಳು ಇಲ್ಲಿ ಗಮನಾರ್ಹ. ಬಾಧೆಯಿರಲಿ ಇಲ್ಲದಿರಲಿ ಹೆತ್ತವರೆಲ್ಲರಿಗೂ ಮುಂಜಾಗ್ರತೆಗೆಂದು ಈ ಸಾಧನೆಯನ್ನು ವಿಧಿಸಬೇಕೆಂದು ಅದು ಹೇಳುವುದಿಲ್ಲ. ಸೋರುವ ಬಾಧೆಯುಳ್ಳವರಿಗೆ ಇದರ ಪ್ರಯೋಜನವನ್ನು ತಿಳಿಸಬೇಕೆನ್ನುತ್ತದೆ. ತಿಳಿಸಬೇಕಾದರೆ ಮೊದಲು ಬಾಧೆಯನ್ನು ಕೇಳಬೇಕಷ್ಟೆ.

ಗರ್ಭಕೋಶ ತೆಗೆಸುವ ಆತುರ

ಕೇಳದೆ, ಹೇಳದೆ, ಕಲಿಸದೆ ಬಿಟ್ಟರೆ ಏನಾಗುತ್ತದೆ? 1989ರಲ್ಲಿ ವೈದ್ಯ ದಂಪತಿಗಳಾದ ರಾಣಿ ಬಂಗ್ ಮತ್ತು ಅಭಯ ಬಂಗ್ ಮಹಾರಾಷ್ಟ್ರದ ಗಡಚಿರೋಲಿಯ ಎರಡು ಹಳ್ಳಿಗಳ 650 ಹೆಂಗಸರನ್ನು ಪರೀಕ್ಷಿಸಿದ ವರದಿಯನ್ನು ಪ್ರಕಟಿಸಿದರು. 100ಕ್ಕೆ 92 ಮಂದಿಗೆ ಒಂದಲ್ಲ ಒಂದು ಸ್ತ್ರೀರೋಗವಿತ್ತು. ಹಿಂದೆ ಎಂದಾದರೂ ಅದಕ್ಕಾಗಿ ಪರೀಕ್ಷೆ ಮಾಡಿಸಿಕೊಂಡಿದ್ದವರು 100ಕ್ಕೆ 8 ಮಂದಿ ಮಾತ್ರ. ಆ ಮೌನದ ಬೆಲೆಯನ್ನು ಕರ್ನಾಟಕವೂ ತೆತ್ತಿದೆ. 2015ರ ಸುಮಾರಿಗೆ ಕಲಬುರಗಿ ಜಿಲ್ಲೆಯ ತಾಂಡಾಗಳಲ್ಲಿ, ಹಳ್ಳಿಗಳಲ್ಲಿ ಚಿಕ್ಕ ವಯಸ್ಸಿನ ಬಡ ಹೆಂಗಸರು ಸಣ್ಣ ತೊಂದರೆಗಳಿಗೂ ಗರ್ಭಕೋಶವನ್ನೇ ತೆಗೆಸಿಕೊಂಡಿದ್ದ ಸಂಗತಿ ಹೊರಬಿದ್ದು ನಾಡು ಬೆಚ್ಚಿತು. ಇಂಥ ಅನಗತ್ಯ ಶಸ್ತ್ರಕ್ರಿಯೆಗಳನ್ನು ತಡೆಯುವ ಮಾರ್ಗಸೂಚಿಯನ್ನು ಎಲ್ಲ ರಾಜ್ಯಗಳೂ ಜಾರಿಗೆ ತರಬೇಕೆಂದು ಸುಪ್ರೀಂ ಕೋರ್ಟು 2023ರ ಏಪ್ರಿಲಿನಲ್ಲಿ ಆದೇಶಿಸಿತು.

ಗರ್ಭಕೋಶ ತೆಗೆಯುವುದು ಅನಿವಾರ್ಯವಾದ ಸಂದರ್ಭಗಳಿವೆ. ಆದರೆ ಜಾರಿಕೆಯ ಮೂಲ ಕಾರಣ ಜೋಲಿಯ ಸಡಿಲಿಕೆ. ಜೋಲಿ ಸಡಿಲವಾಗಿಯೇ ಉಳಿದರೆ ಗರ್ಭಕೋಶ ಹೋದ ಮೇಲೂ ಯೋನಿಯ ಮೇಲ್ಭಾಗವೋ ಮೂತ್ರಕೋಶವೋ ಇಳಿಯಬಹುದು. ಶಸ್ತ್ರಕ್ರಿಯೆಗೆ ಮೊದಲು ಅಂಗಸಾಧನೆಯುಂಟು, ಒಳಗಿಟ್ಟು ಆಧಾರ ಕೊಡುವ ಪೆಸರಿ ಎಂಬ ಉಂಗುರವುಂಟು. ನೆರೆಯ ನೇಪಾಳದಲ್ಲಿ ಹೆತ್ತ ಕೆಲವೇ ದಿನಗಳಲ್ಲಿ ಹೊರೆ ಹೊತ್ತು ಬೆಟ್ಟವೇರುವ ಹೆಂಗಸರಲ್ಲಿ ಈ ವ್ಯಾಧಿ ಎಷ್ಟು ವ್ಯಾಪಕವಾಗಿತ್ತೆಂದರೆ, ಅಲ್ಲಿಯ ಸರ್ವೋಚ್ಚ ನ್ಯಾಯಾಲಯ 2008ರಲ್ಲಿ ಅದನ್ನು ಹೆಣ್ಣಿನ ಹಕ್ಕಿನ ಪ್ರಶ್ನೆಯೆಂದೇ ಪರಿಗಣಿಸಿ ಸರಕಾರಕ್ಕೆ ಆಜ್ಞೆಯಿತ್ತಿತು.

ದಾರಿ ದೂರ, ಪಾಠ ಹತ್ತಿರ

ಉತ್ತರ ಕನ್ನಡದ ಜನಕ್ಕೆ ದೊಡ್ಡ ಆಸ್ಪತ್ರೆಯ ಕೊರಗು ಹಳೆಯದು. ಮೂರೂ ಪೇಟೆಗಳಲ್ಲಿ ತಾಲ್ಲೂಕು ಆಸ್ಪತ್ರೆಗಳಿವೆ. ಕಾರವಾರದಲ್ಲಿ ಸರಕಾರಿ ವೈದ್ಯಕೀಯ ಕಾಲೇಜು ತೆರೆದಿದೆ. ಆದರೂ ರೋಗ ಬಲವಾದರೆ ಮಣಿಪಾಲ, ಮಂಗಳೂರು, ಹುಬ್ಬಳ್ಳಿ, ಗೋವೆಗಳ ದಾರಿ ಹಿಡಿಯುವುದು ರೂಢಿ. ಮಣಿಪಾಲ ಭಟ್ಕಳದಿಂದ ಸುಮಾರು 90 ಕಿಲೋಮೀಟರು, ಕುಮಟೆಯಿಂದ ಸುಮಾರು 150. 2019ರಲ್ಲಿ ಜಿಲ್ಲೆಗೊಂದು ಸುಸಜ್ಜಿತ ಆಸ್ಪತ್ರೆ ಬೇಕೆಂಬ ಕೂಗು ಎದ್ದಿತು. 2022ರ ಜುಲೈ 20ರಂದು ಹೊನ್ನಾವರದಿಂದ ರೋಗಿಯನ್ನು ಹೊತ್ತು ಧಾವಿಸುತ್ತಿದ್ದ ಆಂಬುಲೆನ್ಸು ಶಿರೂರಿನ ಟೋಲ್ ಗೇಟಿನಲ್ಲಿ ಉರುಳಿ ನಾಲ್ವರು ಅಸುನೀಗಿದಾಗ ಆ ಕೂಗು ಮತ್ತೆ ಮುಗಿಲು ಮುಟ್ಟಿತು. ಜೀವ ಹೋಗುವ ರೋಗಗಳಿಗೇ ಇಷ್ಟು ಪಾಡಾದರೆ, ಜೀವ ತೆಗೆಯದೆ ಬರಿದೆ ಬಾಳನ್ನು ಕುಗ್ಗಿಸುವ ಬಾಧೆಗೆ ಬಸ್ಸು ಹತ್ತುವವಳು ಯಾರು? ಹಾಲುಣ್ಣುವ ಕೂಸನ್ನು ಬಿಟ್ಟು, ದಿನದ ಕೂಲಿ ಕಳೆದುಕೊಂಡು, ಗಂಡನಿಗೆ ಕಾರಣ ಹೇಳಲಾರದೆ ಅವಳು ಹೊರಡುವುದಾದರೂ ಹೇಗೆ?

ಇಲ್ಲಿಯೇ ಈ ಚಿಕಿತ್ಸೆಯ ಹಿರಿಮೆಯಿದೆ. ಇದಕ್ಕೆ ದುಬಾರಿ ಯಂತ್ರ ಬೇಡ, ಹಾಸಿಗೆ ಬೇಡ, ಔಷಧ ಬೇಡ. ಒಮ್ಮೆ ಸರಿಯಾಗಿ ಕಲಿತರೆ ಉಳಿದುದನ್ನು ಮನೆಯಲ್ಲಿಯೇ, ಮಗುವಿಗೆ ಹಾಲೂಡುತ್ತ ಕುಳಿತಾಗಲೂ ಮಾಡಬಹುದು. ವಿಶೇಷ ತರಬೇತಿ ಪಡೆದವರು ದೊಡ್ಡ ಊರುಗಳಲ್ಲಿಯೇ ಹೆಚ್ಚು. ಆದರೆ ಪಾಠವನ್ನು ಹಳ್ಳಿಗೆ ಮುಟ್ಟಿಸುವ ದಾರಿ ಆಗಲೇ ಸಿದ್ಧವಿದೆ. ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ 2019–21ರ ಲೆಕ್ಕದಂತೆ ಕರ್ನಾಟಕದ 100 ಹೆರಿಗೆಗಳಲ್ಲಿ 97 ಆಸ್ಪತ್ರೆಗಳಲ್ಲಿಯೇ ಆಗುತ್ತವೆ. ಎಂದರೆ ಬಹುತೇಕ ಪ್ರತಿ ತಾಯಿಯೂ ಒಮ್ಮೆ ದಾದಿಯ ಮುಂದೆ ಮಲಗಿರುತ್ತಾಳೆ. ಮನೆಗೆ ಮರಳಿದ ಮೇಲೆ ಆಶಾ ಕಾರ್ಯಕರ್ತೆ 3, 7, 14, 21, 28 ಮತ್ತು 42ನೆಯ ದಿನಗಳಲ್ಲಿ ಬಂದು ಕೂಸನ್ನು ತೂಗಬೇಕೆಂಬ ನಿಯಮವಿದೆ. ಆ ಆರು ಭೇಟಿಗಳಲ್ಲಿ ತಾಯಿಯ ಒಡಲಿನ ಬಗೆಗೂ ಎರಡು ಮಾತು ಕೇಳಿದರೆ, ಬಾಧೆಯಿದ್ದವಳನ್ನು ತಾಲ್ಲೂಕು ಆಸ್ಪತ್ರೆಗೆ ಕಳುಹಿಸಿದರೆ, ಅಲ್ಲಿ ವಾರಕ್ಕೊಂದು ದಿನ ಮಹಿಳಾ ಫಿಸಿಯೋಥೆರಪಿಸ್ಟ್ ಕುಳಿತರೆ, ಎಷ್ಟೋ ಮಂದಿಯ ಪಾಡು ತಪ್ಪೀತು. ಫ್ರಾನ್ಸ್ ದೇಶದಲ್ಲಿ ಹೆರಿಗೆಯ ನಂತರ ಇಂಥ ಪಾಠಗಳ ವೆಚ್ಚವನ್ನು ಸಾರ್ವಜನಿಕ ವಿಮೆಯೇ ಭರಿಸುತ್ತದೆ. ಅದು ಅಲ್ಲಿ ಸಿರಿವಂತರ ಶೋಕಿಯಲ್ಲ, ಬಾಣಂತನದ ಒಂದು ಅಂಗ.

ಭಟ್ಕಳದ ಮನೆಗಳಲ್ಲಿ ನವಾಯತಿ, ಬಂದರಿನ ಕೇರಿಗಳಲ್ಲಿ ಕೊಂಕಣಿ, ಹಾಲಕ್ಕಿ ಕೊಪ್ಪಗಳಲ್ಲಿ ತಮ್ಮದೇ ಬಗೆಯ ಕನ್ನಡ. ಪಾಠ ಆಯಾ ಮನೆಮಾತಿನಲ್ಲಿ, ಹೆಣ್ಣಿನ ಬಾಯಿಂದಲೇ ಬಂದರೆ ಸಂಕೋಚ ಅರ್ಧ ಕರಗುತ್ತದೆ. ಹಿಂದೊಮ್ಮೆ ಬಸಿರು, ಮುಟ್ಟುಗಳ ಮಾತೂ ಅಚ್ಚಿನಲ್ಲಿ ಬರಲು ಅಂಜುತ್ತಿದ್ದ ಕಾಲವಿತ್ತು. ಡಾ. ಅನುಪಮಾ ನಿರಂಜನ ಅವರು ‘ತಾಯಿ ಮಗು’ವಿನಂಥ ಪುಸ್ತಕಗಳಿಂದ ಆ ಅಂಜಿಕೆಯನ್ನು ಕನ್ನಡದ ಮನೆಗಳಿಂದ ಓಡಿಸಿದರು. ಉಳಿದಿರುವ ಈ ಒಂದು ಮಾತನ್ನೂ ಹಾಗೆಯೇ ಬೆಳಕಿಗೆ ತರಬೇಕಾಗಿದೆ.

ಮನೆಯವರ ಪಾಲು

ಇದು ಹೆಂಗಸರ ಗುಟ್ಟೆಂದು ಗಂಡಸರು ದೂರ ಸರಿಯಬೇಕಾದುದಿಲ್ಲ. ಹೆಂಡತಿ ಕೊಡ ಎತ್ತುವ ಮೊದಲು ತಾನು ಎತ್ತುವ ಗಂಡ, ಮೂರು ತಿಂಗಳು ಅವಸರ ಮಾಡದೆ ಅವಳ ನೋವನ್ನು ಅರಿಯುವ ಗಂಡ ಚಿಕಿತ್ಸೆಯ ಅರ್ಧ ಭಾರವನ್ನು ಹೊತ್ತಂತೆ. ತಾನೂ ಅದೇ ದಾರಿಯಲ್ಲಿ ಬಂದ ಅತ್ತೆ ಸೊಸೆಯನ್ನು ಹತ್ತಿರ ಕುಳ್ಳಿರಿಸಿಕೊಂಡು ಕೇಳಿದರೆ, ತಾನು ಮೂವತ್ತು ವರುಷ ಮುಚ್ಚಿಟ್ಟ ಬಾಧೆಯನ್ನೂ ಹೇಳಿಕೊಳ್ಳಬಹುದು. ಏಕೆಂದರೆ ಈ ಸಾಧನೆಗೆ ಬಾಣಂತಿಯಾಗಿರಬೇಕೆಂಬ ನಿಯಮವಿಲ್ಲ. ಐವತ್ತು ದಾಟಿದವರ ಸ್ನಾಯುವೂ ಕಲಿತರೆ ಬಲಗೊಳ್ಳುತ್ತದೆ.

ಮಗುವಿನ ಲಸಿಕೆಗೆಂದು ಆಸ್ಪತ್ರೆಗೆ ಹೋದ ದಿನ ತಾಯಿ ತನ್ನ ಮಾತನ್ನೂ ಒಂದಿಷ್ಟು ಎತ್ತಲಿ. ಸೋರುವುದು, ಜಾರುವುದು, ನೋಯುವುದು ಈ ಮೂರರಲ್ಲಿ ಯಾವುದಿದ್ದರೂ ದಾದಿಗೆ ನೇರವಾಗಿ ಹೇಳಲಿ. ಸಹಿಸಿಕೊ ಎಂದು ಯಾರಾದರೂ ಅಂದರೆ, ಇದಕ್ಕೆ ಚಿಕಿತ್ಸೆಯುಂಟೆಂದು ಕೇಳಿರುವೆನು, ಎಲ್ಲಿ ಸಿಗುತ್ತದೆಂದು ತಿಳಿಸಿರಿ ಎಂದು ಕೇಳಲಿ. ಮಗುವನ್ನು ಹೊತ್ತು ಹೆತ್ತ ದೇಹಕ್ಕೆ ಅಷ್ಟನ್ನು ಕೇಳುವ ಅಧಿಕಾರ ಖಂಡಿತವಾಗಿಯೂ ಉಂಟು.